ಪಂಜರದ ಕುಸ್ತಿ

ಶುಕ್ರವಾರದ ನಮಾಜು ಮುಗಿಸಿಕೊಂಡು ಬಂದ ಶೌಕತ ಅಲಿ ಊಟಕ್ಕೆ ಹಾಸಿದ ದಸ್ತರಖಾನದ ಮುಂದೆ ಕೂತಿದ್ದ. ಖುರ್ಷಿದಬೇಗಂ ಬಗಾರಾ ಅನ್ನದ ಪಾತ್ರೆಯ ಮುಚ್ಚಳ ತೆಗೆದು ಗಂಡನಿಗೂ ಮಗ ಮತೀನನಿಗೂ ಬಡಿಸುತ್ತಿದ್ದಳು. ಅಷ್ಟರಲ್ಲಿ ಬಾಗಿಲ ಮುಂದೆ ಆಟೋ ಬಂದು ನಿಂತಿತು. ಇಳಿದವಳು ಮಗಳು ಅಲ್ಮಾಸ್. ಸೊಲ್ಲಾಪುರದ ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಅವಳಿಗೆ ನೌಕರಿ. ಹಬ್ಬಕ್ಕೆ ಬರುವವಳು, ರಜೆಗೆ ಬರುವವಳು. ಹೀಗೆ ಹೇಳದೆ ಕೇಳದೆ ಬಂದವಳಲ್ಲ. ಅವಳ ಹಿಂದೆಯೇ ಆಟೋದವನು ಎರಡು ಸೂಟ್‌ಕೇಸು, ಹಾಸಿಗೆಯ ಸುರುಳಿ, ಕೊನೆಗೊಂದು ಪ್ಲಾಸ್ಟಿಕ್ ಬಕೀಟು ಇಳಿಸಿಟ್ಟ. ಬಕೀಟು ನೋಡಿದ್ದೇ ಖುರ್ಷಿದಬೇಗಂ ಸೌಟು ಕೆಳಗಿಟ್ಟಳು. ರಜೆಗೆ ಬರುವವರು ಬಕೀಟು ಹೊತ್ತು ತರುವುದಿಲ್ಲ.

"ಟ್ರಾನ್ಸ್‌ಫರ್ ಆಗ್ಯಾದೇನು ಬೇಟಿ?" ಮಂಚದ ಮೇಲೆ ಕೂತಿದ್ದ ಅತ್ತೆ ಜೈತುನ್ಬೀ ಕೇಳಿದಳು.

"ಇಲ್ಲ ದಾದಿ. ನೌಕರಿ ಬಿಟ್ಟು ಬಂದೀನಿ."

ಶೌಕತ ಅಲಿಯ ತುತ್ತು ತಟ್ಟೆಯಲ್ಲೇ ನಿಂತಿತು. "ಏನಂದಿ?"

"ಹೈದರಾಬಾದದಾಗ ಎಂಎಂಎ ಆಡ್ಲಿಕ್ಕ ಕರದಾರ ಅಬ್ಬಾ. ದುಡ್ಡಿನ ಆಟ ಅದು. ಸರ್ಕಾರಿ ನೌಕರಿದಾಗ ಇದ್ಕೊಂಡು ಆಡ್ಲಿಕ್ಕ ಬರಂಗಿಲ್ಲ. ಅದಕ್ಕ ರಾಜೀನಾಮೆ ಕೊಟ್ಟೆ."

"ಅದೇನದು ಎಂಎಂಎ ಅಂದ್ರ?" ಜೈತುನ್ಬೀ ಮೊಮ್ಮಗನ ಕಡೆ ತಿರುಗಿದಳು.

ಮತೀನ ಅಪ್ಪನ ಮುಖ ನೋಡಿ ಮೆಲ್ಲಗೆ ಹೇಳಿದ. "ಪಂಜರದ ಕುಸ್ತಿ ದಾದಿ. ಸುತ್ತ ಜಾಳಗಿ ಹಾಕಿರ್ತಾರ. ಒಳಗ ಇಬ್ರು. ಕೆಡವಬಹುದು, ಗುದ್ದಬಹುದು, ಒದೀಬಹುದು."

"ಬಿದ್ದ ಮ್ಯಾಲ?"

ಮತೀನ ಅನ್ನ ಕಲಸತೊಡಗಿದ. ಅಲ್ಮಾಸಳೇ ಹೇಳಿದಳು. "ಬಿದ್ದ ಮ್ಯಾಲನೂ ಹೊಡೀಬಹುದು ದಾದಿ."

ಶೌಕತ ಅಲಿ ಎದ್ದು ಕೈ ತೊಳೆದುಕೊಂಡ. ಚಪ್ಪಲಿ ಮೆಟ್ಟಿಕೊಂಡು ಹಸಿದ ಹೊಟ್ಟೆಯಲ್ಲೇ ಫರಸಿ ಕಲ್ಲು ಪಾಲಿಶ್ ಮಾಡುವ ತನ್ನ ಶೆಡ್ಡಿನ ಕಡೆ ಹೊರಟುಹೋದ. ಸ್ವಲ್ಪ ಹೊತ್ತಿಗೆ, ಶುಕ್ರವಾರ ಮಧ್ಯಾಹ್ನ ಎಂದೂ ಓಡದ ಮಷಿನ್ನು ಗುರ್ರೆಂದು ಶುರುವಾದ ಸದ್ದು ಮನೆಯವರೆಗೂ ಕೇಳಿಸಿತು.

ಖುರ್ಷಿದಬೇಗಮಳಿಗೆ ಗಂಡನ ಸಂಕಟ ಬೇರೆಯವರು ಹೇಳದೆಯೂ ಗೊತ್ತಿತ್ತು. ಅಲ್ಮಾಸ್ ಐದನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಪಿ.ಟಿ. ಮಾಸ್ತರ ಪ್ರಹ್ಲಾದರು ಹಳೆಯ ಗೋದಾಮೊಂದರಲ್ಲಿ ಗಾದಿ ಹಾಸಿ ಮಕ್ಕಳಿಗೆ ಜುಡೋ ಕಲಿಸಲು ಶುರು ಮಾಡಿದ್ದರು. ಹೆಣ್ಣುಹುಡುಗಿಗೆ ಇದೆಲ್ಲ ಬೇಡ ಎಂದು ಆಗ ಅತ್ತು ಕರೆದು ರಂಪ ಮಾಡಿದವಳು ಖುರ್ಷಿದಬೇಗಂ. ಮಗಳ ಬೆನ್ನಿಗೆ ನಿಂತವನು ಶೌಕತ ಅಲಿ. ಜಮಾತಿನ ಹಿರಿಯರು ಕೇಳಿದರು, ನೆಂಟರು ಕೇಳಿದರು, ಫರಸಿ ಕೊಳ್ಳಲು ಬಂದ ಗಿರಾಕಿಗಳೂ ಕೇಳಿದರು. ಎಲ್ಲರಿಗೂ ಅವನದು ಒಂದೇ ಉತ್ತರ: "ಇದು ಹೊಡೆದಾಟ ಅಲ್ರಿ, ಆಟ. ಮೈತುಂಬ ಬಟ್ಟಿ ಇರತಾವ. ಬಗ್ಗಿ ಸಲಾಂ ಮಾಡಿ ಶುರು ಮಾಡ್ತಾರ, ಸಲಾಂ ಮಾಡೇ ಮುಗಸ್ತಾರ. ಯಾರೂ ಯಾರಿಗೂ ಒಂದ್ ಏಟು ಹಾಕಂಗಿಲ್ಲ." ಹೇಳಿ ಹೇಳಿ ಆ ಮಾತು ಊರಿಗೇ ಬಾಯಿಪಾಠವಾಗಿತ್ತು. ಅಲ್ಮಾಸ್ ರಾಜ್ಯ ಗೆದ್ದಳು, ದೇಶ ಗೆದ್ದಳು, ಕೊನೆಗೆ ಒಲಿಂಪಿಕ್ಸಿಗೂ ಹೋದಳು. ಅಲ್ಲಿ ಮೊದಲ ಪಂದ್ಯ ಗೆದ್ದು ಎರಡನೆಯದರಲ್ಲಿ ಸೋತು ಬಂದಳು. ಸೋಲು ಗೆಲುವು ಅವಳ ಊರು ಶಹಾಬಾದಿಗೆ ದೊಡ್ಡದಾಗಲಿಲ್ಲ. ಸ್ಟೇಷನ್ನಿನಿಂದ ಮನೆಯವರೆಗೆ ಬಾಜಾ ಬಾರಿಸಿಕೊಂಡು ಕರೆತಂದರು. ಅಂದಿನಿಂದ ಅವಳು ಊರ ಬಾಯಲ್ಲಿ 'ಒಲಿಂಪಿಕ್ ಅಲ್ಮಾಸ್'.

ನೌಕರಿ ಬಿಟ್ಟು ಬಂದ ಆ ಮಧ್ಯಾಹ್ನ ಅಲ್ಮಾಸ್ ಹಿತ್ತಲಲ್ಲಿ ಕೂತು ತಾಯಿಯ ಜೊತೆ ಪಾತ್ರೆ ತಿಕ್ಕಿದಳು.

"ಹೋದ ಟ್ರಯಲ್ಸ್‌ನಾಗ ಒಬ್ಬಾಕಿ ಮಣಿಪುರದ ಹುಡಿಗಿ ನನ್ನ ಕೆಡವಿದ್ಳು ಅಮ್ಮಿ. ಸಣ್ಣ ಹುಡಿಗಿ. ಛಲೋ ಆಡ್ತಾಳ. ಇನ್ನ ಜುಡೋದವ್ರು ನನ್ನ ಕರಿಯಂಗಿಲ್ಲ."

"ಹಂಗಾದ್ರ ಸುಮ್ನ ನೌಕರಿ ಮಾಡ್ಬೇಕಿತ್ತು. ಒಂದ್ ಮನಿ ನೋಡಿ ಲಗ್ನ ಮಾಡ್ತಿದ್ದೆವು."

"ಕಿಡಕಿ ಹಿಂದ ಕುಂತು ಟಿಕೆಟ್ ಕೊಡ್ತೀನಿ. ಮಂದಿ ಬಂದು, ನೀವು ಮೊದ್ಲ ಆಡ್ತಿದ್ರಲ್ಲ ಅಂತಾರ. ಮೊದ್ಲ ಅಂತ! ನನ್ನ ಕೈಯಾಗ ಬಲ ಇನ್ನಾ ಅದ ಅಮ್ಮಿ. ಅದನ್ನ ಒಯ್ದು ಎಲ್ಲಿ ಇಡ್ಲಿ?"

ಖುರ್ಷಿದಬೇಗಂ ಬೂದಿ ಹಚ್ಚಿದ ಪಾತ್ರೆಗೆ ನೀರು ಸುರಿದಳು.

ಆಮೇಲಿನ ವಾರಗಳಲ್ಲಿ ಮನೆಗೆ ಹೊಸದೊಂದು ಪರಿಪಾಠ ಬಿತ್ತು. ಅಲ್ಮಾಸ್ ಸೋಮವಾರ ಬೆಳಗಿನ ಗಾಡಿಗೆ ಹೈದರಾಬಾದಿಗೆ ಹೋಗಿ ತಾಲೀಮು ಮಾಡುತ್ತಿದ್ದಳು, ವಾರದ ಕೊನೆಗೆ ಮನೆಗೆ ಬರುತ್ತಿದ್ದಳು. ಅವಳಿದ್ದ ದಿನಗಳಲ್ಲಿ ಶೌಕತ ಅಲಿ ಮಾತಾಡುತ್ತಿದ್ದುದೆಲ್ಲ ಹೆಂಡತಿಯ ಮೂಲಕ.

"ಆಕೀಗಿ ಹೇಳು, ಹಿತ್ತಲ ಬಾಗಿಲ ಹಾಕ್ಕೊ ಅಂತ."

ಅಲ್ಮಾಸ್ ಅಲ್ಲೇ ಎರಡು ಮಾರು ದೂರದಲ್ಲಿ ಬಟ್ಟೆ ಮಡಚುತ್ತಿರುತ್ತಿದ್ದಳು. "ಹಾಕ್ಕೊಂಡೀನಿ ಅಂತ ಹೇಳು ಅಮ್ಮಿ."

"ಇದು ಮನಿ ಅದನೋ ಟೆಲಿಫೋನ್ ಆಫೀಸ್ ಅದನೋ!" ಎಂದು ಜೈತುನ್ಬೀ ಗೊಣಗುತ್ತಿದ್ದಳು.

ಊಟದ್ದು ಇನ್ನೊಂದು ಜಗಳ. ಹೊಸ ಆಟದಲ್ಲಿ ಅಲ್ಮಾಸ್ ತೂಕ ಇಳಿಸಬೇಕಿತ್ತು. ರೊಟ್ಟಿ ಬಿಟ್ಟಳು, ಅನ್ನ ಬಿಟ್ಟಳು. ಎಣ್ಣೆಯಿಲ್ಲದ ಕೋಳಿ, ಮೊಟ್ಟೆಯ ಬಿಳಿ, ಸೌತೆಕಾಯಿ ಇಷ್ಟೇ ಅವಳ ತಟ್ಟೆಯಲ್ಲಿ. ಒಲೆಯ ಒಂದು ಕಡೆ ಮನೆಯವರಿಗೆ ಪುಂಡಿಪಲ್ಯ, ಇನ್ನೊಂದು ಕಡೆ ಅವಳಿಗೆ ನೀರಲ್ಲಿ ಕುದಿಸಿದ ಕೋಳಿ.

"ಬೀಮಾರಿ ಮಂದಿ ಊಟ ಇದು. ಮಂದೀಗಿ ಹೊಡಿಲಿಕ್ಕ ಹೋಗಾಕಿ ಒಂದ್ ಚಮಚ ತುಪ್ಪರ ತಿನ್ನಬಾರದೇನು?"

"ತಿಂದ್ರ ತೂಕ ಏರತದ ಅಮ್ಮಿ. ಏರಿದ್ರ ಆಡ್ಲಿಕ್ಕೇ ಬಿಡಂಗಿಲ್ಲ."

"ಬಿಡದಿದ್ರ ಛಲೋನೇ ಆತು," ಎಂದು ಖುರ್ಷಿದಬೇಗಂ ತುಪ್ಪದ ಡಬ್ಬಿಯನ್ನು ಕೈಗೆ ಸಿಗುವ ಹಾಗೆ ಮುಂದಕ್ಕೆ ಸರಿಸುತ್ತಿದ್ದಳು. ಅಲ್ಮಾಸ್ ನಗುತ್ತ ಹಿಂದಕ್ಕೆ ಸರಿಸುತ್ತಿದ್ದಳು.

ಸಂಜೆಹೊತ್ತು ಶೆಡ್ಡಿನ ಹಿಂದೆ ಹಳೆಯ ಗಾದಿ ಹಾಸಿಕೊಂಡು ಮತೀನನ ಜೊತೆ ತಾಲೀಮು. ಜುಡೋದಲ್ಲಿ ಹಿಡಿದೆಳೆಯಲು ದಪ್ಪ ಬಟ್ಟೆಯ ಕೋಟಿರುತ್ತದೆ. ಇಲ್ಲಿ ಹಿಡಿಯಲು ಏನೂ ಇಲ್ಲ. ಬೆವತ ಮೈ ಕೈಯಲ್ಲಿ ನಿಲ್ಲುವುದಿಲ್ಲ. ಕುತ್ತಿಗೆ ಹಿಡಿದು, ಕಂಕುಳ ಹಿಡಿದು ಎದುರಾಳಿಯನ್ನು ಎತ್ತಿ ಒಗೆಯುವುದನ್ನು ಅವಳು ಮತ್ತೆ ಮೊದಲಿನಿಂದ ಕಲಿಯಬೇಕಿತ್ತು. ಕಲಿಕೆಯ ಖರ್ಚೆಲ್ಲ ಮತೀನನ ಸೊಂಟದ ಮೇಲೆ ಬೀಳುತ್ತಿತ್ತು. ಒಂದು ದಿನ ಅವನು ಕುಂಟುವುದನ್ನು ಶೌಕತ ಅಲಿ ನೋಡಿದ.

"ಕಾಲಿಗೇನಾಗ್ಯಾದೋ?"

"ಫರಸಿ ಎತ್ತಬೇಕಾರ ಉಳುಕ್ಯಾದ ಅಬ್ಬಾ."

"ಫರಸಿ ಎತ್ತಿದ್ರ ಬೆನ್ನ ಮ್ಯಾಲ ಗಾದಿ ಹತ್ತಿ ಅಂಟಿಕೊಳ್ತದೇನು?" ಎಂದ ಶೌಕತ ಅಲಿ.

ಒಂದು ದಿನ ಅಲ್ಮಾಸ್ ಇಲ್ಲದಾಗ ಖುರ್ಷಿದಬೇಗಂ ಮಗನನ್ನು ಅಡುಗೆಮನೆಗೆ ಕರೆದು, "ಆ ಕುಸ್ತಿ ಫೋನ್‌ನಾಗ ತೋರ್ಸು," ಎಂದಳು. ಮತೀನ ಯಾವುದೋ ಪರದೇಶದ ಪಂದ್ಯ ಹಚ್ಚಿಕೊಟ್ಟ. ಒಬ್ಬ ಹುಡುಗಿ ಇನ್ನೊಬ್ಬಳ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದುತ್ತಿದ್ದಳು. ಕೆಳಗಿದ್ದವಳು ಎರಡೂ ಮೊಳಕೈ ಅಡ್ಡ ಹಿಡಿದಿದ್ದಳು. ಖುರ್ಷಿದಬೇಗಂ ಫೋನ್ ತಿರುಗಿಸಿ ಕೊಟ್ಟುಬಿಟ್ಟಳು. ಒಲೆಯ ಮೇಲಿನ ತೊಗರಿಬೇಳೆ ತಳ ಹಿಡಿದ ವಾಸನೆ ಬಂದರೂ ಅವಳಿಗೆ ತಕ್ಷಣ ಗೊತ್ತಾಗಲಿಲ್ಲ. ಅಂದು ರಾತ್ರಿ ಎಲ್ಲರೂ ಸೀದ ಬೇಳೆಯನ್ನೇ ಉಂಡರು.

ಪಂದ್ಯದ ದಿನ ಗೊತ್ತಾದ ವಾರವೇ ಖುರ್ಷಿದಬೇಗಮಳ ಅಣ್ಣ ಖಾಜಾಮಿಯಾ ಕೊಡ್ಲಿ ಹಳ್ಳಿಯಿಂದ ಬಂದ. ಹೊಲದ ಎಳೆ ಜೋಳದ ಸೀತನಿ ಒಂದು ಚೀಲ ತಂದಿದ್ದ. ಅಂಗಳದಲ್ಲಿ ಕೆಂಡದ ಮೇಲೆ ತೆನೆ ಸುಟ್ಟು, ಉಜ್ಜಿ, ಶೇಂಗಾ ಹಿಂಡಿಯ ಜೊತೆ ಮೊರದ ತುಂಬ ಹಾಕಿಟ್ಟರು. ಎಲ್ಲರೂ ಸುತ್ತ ಕೂತು ತಿಂದರು. ಅಲ್ಮಾಸ್ ಮಾತ್ರ ಒಂದು ಮುಷ್ಟಿ ಹಿಡಿದುಕೊಂಡು ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ಕೊಡ್ಲಿತನಕ ಸುದ್ದಿ ಬಂದದ," ಎಂದ ಖಾಜಾಮಿಯಾ. "ಶೌಕತಭಾಯಿ, ನೀವೇ ಹೇಳ್ತಿದ್ರಿ, ನಮ್ಮ ಹುಡಿಗಿ ಯಾರಿಗೂ ಒಂದ್ ಏಟು ಹಾಕಂಗಿಲ್ಲ ಅಂತ. ನಾನೂ ಹತ್ತ್ ಮಂದಿ ಮುಂದ ಅದನೇ ಹೇಳೀನಿ. ಈಗ ಅವ್ರು ನನ್ನ ಮೋತಿ ನೋಡಿ ನಗ್ಲಿಕತ್ತಾರ. ಏನ್ ಹೇಳ್ಲಿ ಅವ್ರಿಗಿ?"

ಖುರ್ಷಿದಬೇಗಂ ಗಂಡನ ಕಡೆ ನೋಡಿದಳು. ಅಲ್ಮಾಸಳೂ ನೋಡಿದಳು. ಹಿಂದೆಲ್ಲ ಇಂಥ ಮಾತು ಬಂದರೆ ಶೌಕತ ಅಲಿ ಅರ್ಧದಲ್ಲೇ ತಡೆದು ಎದುರಿನವನ ಬಾಯಿ ಮುಚ್ಚಿಸುತ್ತಿದ್ದ. ಈ ಸಲ ಅವನು ಮೊರದಲ್ಲಿದ್ದ ಹೊಟ್ಟನ್ನು ಆರಿಸುತ್ತ ಕೂತ. ಕಲ್ಲಿನ ಪುಡಿ ಕೂತು ಬೆಳ್ಳಗಾದ ಅವನ ಹುಬ್ಬುಗಳು ಮೇಲೇಳಲಿಲ್ಲ.

"ಸೀತನಿ ಆರತದ, ತಿನ್ನೋ ಖಾಜಾ," ಎಂದು ಜೈತುನ್ಬೀಯೇ ಮಾತು ತಿರುಗಿಸಿದಳು.

ಖಾಜಾಮಿಯಾ ಹೋದ ಮೇಲೆ ಅಲ್ಮಾಸ್ ಅಂಗಳ ಗುಡಿಸಿದಳು. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು. "ಅಮ್ಮಿ, ಅಬ್ಬಾ ಸುಮ್ನ ಕುಂತ್ರು," ಎಂದಳು. ದನಿ ಸಣ್ಣ ಹುಡುಗಿಯದಾಗಿತ್ತು. "ಬೈದಿದ್ರೂ ನಡೀತಿತ್ತು. ಸುಮ್ನ ಕುಂತ್ರು."

ಮಗಳನ್ನು ತಡೆಯಲು ಶೌಕತ ಅಲಿಗೆ ಉಳಿದಿದ್ದು ಒಂದೇ ದಾರಿ, ಪ್ರಹ್ಲಾದ ಮಾಸ್ತರರು. ಈಗ ನಿವೃತ್ತರಾಗಿ ಮನೆಯಲ್ಲಿದ್ದ ಅವರನ್ನು ಅವನೇ ಹೋಗಿ ಕರೆತಂದ. ಮಾಸ್ತರರು ಈ ಮನೆಯಲ್ಲಿ ಚಹಾ ಕುಡಿಯುತ್ತಿದ್ದರು, ಹಣ್ಣು ತಿನ್ನುತ್ತಿದ್ದರು; ಉಣ್ಣುತ್ತಿರಲಿಲ್ಲ. ಅದು ಎರಡೂ ಮನೆಗೆ ಗೊತ್ತಿದ್ದ, ಯಾರಿಗೂ ಬೇಸರವಿಲ್ಲದ ಸಂಗತಿ. ಖುರ್ಷಿದಬೇಗಂ ಪೇರಲಹಣ್ಣು ಹೆಚ್ಚಿ ತಂದಿಟ್ಟಳು.

"ನೀವ್ ಒಂದ್ ಮಾತ್ ಹೇಳ್ರಿ ಮಾಸ್ತರ. ನಿಮ್ಮ ಮಾತ್ ಮೀರಂಗಿಲ್ಲ ಆಕಿ," ಎಂದ ಶೌಕತ ಅಲಿ.

"ಹೇಳೀನ್ರಿ ಶೌಕತಭಾಯಿ. ನೌಕರಿ ಬಿಡೋಕಿಂತ ಮೊದ್ಲೇ ನನಗ ಫೋನ್ ಮಾಡಿದ್ಳು. ನಾ ಕಲಿಸಿದ್ದು ಇದಲ್ಲ, ಬ್ಯಾಡ ಅಂದೆ. ಕೇಳಲಿಲ್ಲ. ನನಗ ಭಾಳ ಬ್ಯಾಸರಾಗಿ ಊಟ ಸೇರಲಿಲ್ಲ. ಆಗ ನಮ್ಮ ಪದ್ಮಾಬಾಯಿ ಕೇಳಿದ್ಳು, ನಿಮಗ ಆ ಹುಡಿಗಿ ಚಿಂತಿ ಅದನೋ ನಿಮ್ಮ ಜುಡೋದ ಚಿಂತಿ ಅದನೋ ಅಂತ." ಮಾಸ್ತರರು ಚಹಾದ ಕಪ್ಪು ಕೆಳಗಿಟ್ಟರು. "ಹೆಂಡತಿಗಿ ಉತ್ತರ ಹೇಳ್ಲಿಕ್ಕ ಬರಲಿಲ್ರಿ ನನಗ."

ಅಲ್ಮಾಸ್ ಬಾಗಿಲಿಗೆ ಒರಗಿ ನಿಂತಿದ್ದಳು. ಮಾಸ್ತರರು ಅವಳ ಕಡೆ ನೋಡದೆಯೇ ಮುಂದುವರಿಸಿದರು.

"ಈಗ ನನಗಿರೋ ಚಿಂತಿ ಬ್ಯಾರೆ. ಜುಡೋದಾಗ ಎದುರಿನಾಕಿ ಬೆನ್ನ ಮ್ಯಾಲ ಬಿದ್ಲಂದ್ರ ಮುಗೀತು. ಈಕಿ ಸಣ್ಣಾಕಿ ಇದ್ದಾಗಿಂದ ಕಲ್ತಿದ್ದು ಅದೇ. ಕೆಡವು, ಬಿಡು, ಎದ್ದು ನಿಂದ್ರು. ಅಲ್ಲಿ ಕೆಡವಿ ಬಿಟ್ರ ಬಿದ್ದಾಕಿ ಎದ್ದು ಬಂದು ಹೊಡೀತಾಳ. ಈಕಿ ಕೈ ಏಳತದೋ ಇಲ್ಲೋ ಗೊತ್ತಿಲ್ಲ. ಮನಿಯವ್ರು ಯಾರರ ಜೊತಿಗಿ ಹೋಗ್ರಿ. ಆ ಹೊತ್ನಾಗ ತನ್ನವ್ರ ಮುಖ ಒಂದು ಬೇಕಾಗ್ತದ."

"ನಾ ಹೋಗಂಗಿಲ್ಲ," ಎಂದ ಶೌಕತ ಅಲಿ. "ಮತೀನಗ ಚಿಂಚೋಳಿಗಿ ಮಾಲ್ ಇಳಸೋದದ. ಯಾರೂ ಹೋಗಂಗಿಲ್ಲ."

"ನಾ ಹೋಗ್ತೀನಿ," ಎಂದಳು ಖುರ್ಷಿದಬೇಗಂ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳಿಗೇ ತನ್ನ ದನಿ ಕೇಳಿ ಆಶ್ಚರ್ಯವಾಗಿತ್ತು. ಗಂಡನನ್ನು ಬಿಟ್ಟು ಕಲಬುರಗಿಯ ಆಚೆ ಎಂದೂ ಕಾಲಿಟ್ಟವಳಲ್ಲ ಅವಳು.

"ನೀ ಅಲ್ಲಿ ಹೋಗಿ ಏನ್ ಮಾಡ್ತಿ?"

"ಕುಂದರ್ತೀನಿ," ಎಂದಳು. ಖಾಲಿಯಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಇಬ್ಬರೂ ಬೆಳಗಿನ ಗಾಡಿಗೆ ಹೊರಟರು. ವಾಡಿ ದಾಟಿತು, ಚಿತ್ತಾಪುರ ದಾಟಿತು. ಸೇಡಂ ಬರುವ ಹೊತ್ತಿಗೆ ಕೊಯ್ದ ತೊಗರಿಯ ಬೋಳು ಹೊಲಗಳ ಆಚೆ ಸಿಮೆಂಟು ಕಾರ್ಖಾನೆಯ ಹೊಗೆ ಕಾಣಿಸಿತು. ತೂಕ ನೋಡುವವರೆಗೆ ಅಲ್ಮಾಸ್ ನೀರನ್ನೂ ಕುಡಿಯುವ ಹಾಗಿರಲಿಲ್ಲ. ಒಣಗಿದ ತುಟಿ ಕಚ್ಚಿಕೊಂಡು ತಾಯಿಯ ಹೆಗಲ ಮೇಲೆ ತಲೆಯಿಟ್ಟು ಮಲಗಿದ್ದಳು. ಎದುರಿನ ಸೀಟಿನವರು ಚುರುಮುರಿ ತಿನ್ನುತ್ತಿದ್ದರು. ಖುರ್ಷಿದಬೇಗಮಳಿಗೂ ಹಸಿವಾಗಿತ್ತು. ತನ್ನ ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ. ಹೈದರಾಬಾದಿನಲ್ಲಿ ತೂಕ ಮುಗಿದ ಮೇಲೆ ಲಾಡ್ಜಿನ ಕೋಣೆಯಲ್ಲಿ ಮಗಳು ಅನ್ನ ಕಲಸಿ ಉಣ್ಣುವುದನ್ನು ನೋಡುತ್ತ ತಾನೂ ಉಂಡಳು.

ಮರುದಿನ ಸಂಜೆ ಆ ದೊಡ್ಡ ಹಾಲಿನಲ್ಲಿ ಕಿವಿ ಗಡಚಿಕ್ಕುವ ಹಾಡು, ಕಣ್ಣು ಕುಕ್ಕುವ ದೀಪ. ನಡುವೆ ಕಬ್ಬಿಣದ ಜಾಳಿಗೆ ಸುತ್ತಿದ ಕಟ್ಟೆ. ಖುರ್ಷಿದಬೇಗಂ ಬುರ್ಖಾದ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಎರಡನೇ ಸಾಲಿನಲ್ಲಿ ಕೂತಳು. ಅಲ್ಮಾಸ್ ಒಳಗೆ ಬಂದಳು. ಅಜ್ಜಿ ಒತ್ತಿ ಹೇಳಿದಂತೆ ಮೊಣಕೈ ಮೊಣಕಾಲು ಮುಚ್ಚುವ ಬಿಗಿ ಬಟ್ಟೆ ಹಾಕಿದ್ದಳು. ಎದುರಿಗೆ ತಾಂಡೂರಿನ ಹುಡುಗಿ, ಹೆಸರು ಜಯಮಾಲಾ. ಎತ್ತರದವಳು, ಒದೆಯುವುದರಲ್ಲಿ ಹೆಸರಾದವಳು.

ಗಂಟೆ ಬಾರಿಸಿದ್ದೇ ಜಯಮಾಲಾ ಅಲ್ಮಾಸಳ ತೊಡೆಗೆ ಒದ್ದಳು. ಮತ್ತೆ ಒದ್ದಳು. ಆಮೇಲೆ ಮುಷ್ಟಿಯೊಂದು ಬಂದು ಕೆನ್ನೆಗೆ ಬಡಿಯಿತು. ಆ ಸದ್ದು ಕೇಳಿದ್ದೇ ಖುರ್ಷಿದಬೇಗಂ ಎದ್ದಳು, ಜನರ ಮೊಣಕಾಲು ಸರಿಸಿಕೊಂಡು ಹೊರಗೆ ಬಂದುಬಿಟ್ಟಳು. ಹೊರಗಿನ ಓಣಿಯಲ್ಲಿ ಕುಡಿಯುವ ನೀರಿನ ಡ್ರಮ್ಮಿನ ಹತ್ತಿರ ಗೋಡೆ ಹಿಡಿದು ನಿಂತಳು. ಒಳಗೆ ಒಮ್ಮೆಲೇ ಕೂಗೆದ್ದಿತು. ಯಾರು ಬಿದ್ದರು? ಮತ್ತೆ ಕೂಗು. ಯಾರು ಹೊಡೆದರು? ಒಂದೊಂದು ಕೂಗಿಗೂ ಮಗಳ ಒಂದೊಂದು ಮುಖ ಕಣ್ಣ ಮುಂದೆ ಬಂತು, ಎಲ್ಲವೂ ರಕ್ತದ ಮುಖಗಳೇ. ನೋಡುವುದಕ್ಕಿಂತ ಇದೇ ಹೆಚ್ಚಿನ ಸಂಕಟ ಎನ್ನಿಸಿ, ಅವಳು ನೀರು ಕುಡಿದು ಮತ್ತೆ ಒಳಗೆ ಬಂದಳು.

ಎರಡನೇ ಸುತ್ತು ನಡೆಯುತ್ತಿತ್ತು. ಅಲ್ಮಾಸಳ ಕೆನ್ನೆ ಊದಿತ್ತು. ಜಯಮಾಲಾ ಹೊಡೆಯಲು ಮುಂದೆ ನುಗ್ಗಿದಳು. ಅಲ್ಮಾಸ್ ಅವಳ ಕುತ್ತಿಗೆಯ ಹಿಂದೆ ಕೈ ಹಾಕಿ, ಸೊಂಟ ಒಳಗೆ ಕೊಟ್ಟು ತಿರುಗಿದಳು. ಅಷ್ಟೆತ್ತರದ ಹುಡುಗಿಯ ಎರಡೂ ಪಾದ ಒಮ್ಮೆಲೇ ನೆಲ ಬಿಟ್ಟು, ಮೈ ಗಾಳಿಯಲ್ಲಿ ಸುತ್ತಿ ಬೆನ್ನ ಮೇಲೆ ಧೊಪ್ಪೆಂದು ಬಿತ್ತು. ಖುರ್ಷಿದಬೇಗಂ ಬಾಯಿ ತೆರೆದುಕೊಂಡು ನೋಡಿದಳು. ಇಷ್ಟು ವರ್ಷ ಮಗಳ ಆಟದ ಬಟ್ಟೆ ಒಗೆದು, ಒಣಗಿಸಿ, ಮಡಚಿಟ್ಟವಳು ಅವಳು. ಆ ಬಟ್ಟೆಯೊಳಗೆ ಇಂಥದೊಂದು ಬಲವಿರುವುದನ್ನು ಒಂದು ದಿನವೂ ನೋಡಿರಲಿಲ್ಲ.

ಕೆಡವಿದ ಅಲ್ಮಾಸ್ ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಮಾಸ್ತರರು ಹೆದರಿದ್ದೇ ನಿಜವಾಯಿತು. ಬಿದ್ದವಳು ಪುಟಿದೆದ್ದು ಮುಷ್ಟಿ ಬೀಸಿದಳು. ಅಲ್ಮಾಸಳ ತುಟಿ ಒಡೆಯಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಸುತ್ತು ಮುಗಿದು ಸ್ಟೂಲಿನ ಮೇಲೆ ಕೂತಾಗ ಅಲ್ಮಾಸ್ ಜಾಳಿಗೆಯ ಆಚೆ ತಾಯಿಯನ್ನು ಹುಡುಕಿದಳು. ಕಣ್ಣು ಸೇರಿದವು. ಖುರ್ಷಿದಬೇಗಂ ಏನೂ ಸನ್ನೆ ಮಾಡಲಿಲ್ಲ. ಏನು ಸನ್ನೆ ಮಾಡಬೇಕೆಂದು ಅವಳಿಗೆ ಗೊತ್ತೂ ಇರಲಿಲ್ಲ. ಎದ್ದು ಹೋಗದೆ ಕೂತಳು, ಅಷ್ಟೇ.

ಮೂರನೇ ಸುತ್ತಿನಲ್ಲಿ ಅಲ್ಮಾಸ್ ಅವಳನ್ನು ಮತ್ತೆ ಎತ್ತಿ ಒಗೆದಳು. ಈ ಸಲ ಬಿಡದೆ ಜೊತೆಗೇ ಬಿದ್ದು ಮೇಲೇರಿ ಕೂತಳು. ಕೈ ಎತ್ತಿದಳು. ಎತ್ತಿದ ಕೈ ಕ್ಷಣಹೊತ್ತು ಮೇಲೆಯೇ ನಿಂತಿತು. ಆಮೇಲೆ ಇಳಿಯಿತು. ಮತ್ತೆ ಎದ್ದು ಮತ್ತೆ ಇಳಿಯಿತು. ಜಯಮಾಲಾಳ ಹುಬ್ಬಿನ ಹತ್ತಿರ ರಕ್ತ ಕಾಣಿಸಿತು. ಖುರ್ಷಿದಬೇಗಂ ಕಣ್ಣು ಮುಚ್ಚಲಿಲ್ಲ. ಮಗಳ ಮುಖದಲ್ಲಿ ಸಿಟ್ಟು ಹುಡುಕಿದಳು, ಸಿಗಲಿಲ್ಲ. ಚಿಕ್ಕವಳಿದ್ದಾಗ ಲೆಕ್ಕ ಬಿಡಿಸುವಾಗ ಹುಬ್ಬು ಗಂಟಿಕ್ಕುತ್ತಿದ್ದಳಲ್ಲ, ಅದೇ ಮುಖವಿತ್ತು. ಜಯಮಾಲಾ ಮುಖಕ್ಕೆ ಕೈ ಅಡ್ಡ ತಂದಳು. ಅಲ್ಮಾಸ್ ಆ ಕೈಯನ್ನೇ ಹಿಡಿದು, ಎರಡು ಕಾಲುಗಳ ನಡುವೆ ಸಿಕ್ಕಿಸಿಕೊಂಡು ಹಿಂದಕ್ಕೆ ಒರಗಿದಳು. ಇದು ಅವಳ ಹಳೆಯ ವಿದ್ಯೆ. ಮೊಣಕೈ ಚಾಚಿ ಬಿಗಿಯಿತು. ಜಯಮಾಲಾ ಇನ್ನೊಂದು ಕೈಯಿಂದ ಪಟಪಟ ನೆಲ ಬಡಿದು ಸೋಲೊಪ್ಪಿದಳು.

ಪಂದ್ಯ ಮುಗಿಸಿ ಬಂದ ಹುಡುಗಿಯರಿಬ್ಬರನ್ನೂ ಹಿಂದಿನ ಓಣಿಯಲ್ಲಿ ಕೂರಿಸಿದ್ದರು. ಜಯಮಾಲಾಳ ಹುಬ್ಬಿಗೆ ಅವಳ ತಾಯಿ ಬರ್ಫದ ಚೀಲ ಒತ್ತಿ ಹಿಡಿದಿದ್ದಳು. ನೂಲಿನ ಸೀರೆಯ ಬಡಕಲು ಹೆಂಗಸು. ಖುರ್ಷಿದಬೇಗಂ ಬುತ್ತಿಯ ಡಬ್ಬಿ ಹಿಡಿದು ಅವರ ಮುಂದೆ ಹೋಗಿ ನಿಂತಳು.

"ಮಾಫ್ ಮಾಡ್ರಿ ಅಮ್ಮಾ. ನನ್ನ ಮಗಳು..."

ಆ ತಾಯಿ ತಲೆಯೆತ್ತಿ ನೋಡಿದಳು. "ನನ್ನ ಮಗಳು ಗೆದ್ದಿದ್ರ ನಾ ನಿಮ್ಮ ಹಂತ್ಯಾಕ ಬರ್ತಿದ್ದಿಲ್ಲಮ್ಮ. ಕುಂದ್ರಿ," ಎಂದು ಜಾಗ ಬಿಟ್ಟುಕೊಟ್ಟಳು.

ಡಬ್ಬಿಯಲ್ಲಿ ಮಧ್ಯಾಹ್ನ ಹೋಟೆಲಿನಲ್ಲಿ ಕಟ್ಟಿಸಿದ ಮೊಸರನ್ನವಿತ್ತು. ಒಡೆದ ತುಟಿಗೂ ಊದಿದ ದವಡೆಗೂ ಅದೇ ಸರಿಯಾಗಿತ್ತು. ಹುಡುಗಿಯರಿಬ್ಬರೂ ಒಂದೇ ಡಬ್ಬಿಯಿಂದ ತಿಂದರು. ತಿನ್ನುತ್ತಲೇ ಜಯಮಾಲಾ ಕೇಳಿದಳು. "ಅಕ್ಕಾ, ನನ್ನ ಎತ್ತಿ ಒಗೆದ್ರಲ್ಲ, ಆಗ ನಿಮ್ಮ ಬಲಗಾಲು ಎಲ್ಲಿತ್ತು? ನನಗ ಕಾಣಲೇ ಇಲ್ಲ."

ಅಲ್ಮಾಸ್ ಚಮಚ ಇಟ್ಟು ಎದ್ದು ತೋರಿಸತೊಡಗಿದಳು. ತಾಯಂದಿರಿಬ್ಬರೂ ನೋಡುತ್ತ ಕೂತರು.

ಮರುದಿನ ಮಧ್ಯಾಹ್ನ ಶಹಾಬಾದದ ಪ್ಲಾಟ್‌ಫಾರ್ಮಿನ ಮೇಲೆ ಶೌಕತ ಅಲಿ ನಿಂತಿದ್ದ. ಬರುತ್ತೇನೆಂದು ಹೇಳಿರಲಿಲ್ಲ. ಮಗಳ ಮುಖ ಒಮ್ಮೆ ನೋಡಿ ಹೆಂಡತಿಯ ಕೈಯಿಂದ ಚೀಲ ತೆಗೆದುಕೊಂಡ. ಅಲ್ಮಾಸ್ ಮುಂದೆ ನಡೆದಳು.

"ಗೆದ್ದಾಳಂತ ಮತೀನ ಹೇಳ್ದ," ಎಂದ, ತುಸು ದೂರ ನಡೆದ ಮೇಲೆ. "ಬರೇ ಕೆಡವಿ ಗೆದ್ಲೇನು?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಅವನಿಗೆ ಬೇಕಾಗಿದ್ದುದೂ ಆ ಮಾತೇ ಎಂದು ಖುರ್ಷಿದಬೇಗಮಳಿಗೆ ಗೊತ್ತಿತ್ತು. ಊರಿಗೆ ಹೇಳಲು ಒಂದು ಉತ್ತರ ಸಿಗುತ್ತಿತ್ತು.

"ಇಲ್ಲ. ಹೊಡೆದಾಳ. ಮ್ಯಾಲ ಕುಂತು ಮುಖಕ್ಕ ಹೊಡೆದಾಳ. ಆ ಹುಡಿಗೀಗಿ ರಕ್ತ ಬಂತು. ನಾ ನೋಡೀನಿ."

ಶೌಕತ ಅಲಿ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದ.

ಊಟಕ್ಕೆ ಕೂತಾಗ ಅವನೇ ನೇರವಾಗಿ ಮಗಳನ್ನು ಕೇಳಿದ. "ನೋಯ್ತದೇನು?"

ಇಷ್ಟು ವಾರಗಳಲ್ಲಿ ಅವನು ಮಗಳಿಗೆ ಆಡಿದ ಮೊದಲ ಮಾತು ಅದು.

"ಸ್ವಲ್ಪ ಅಬ್ಬಾ."

"ಆ ಹುಡಿಗೀಗಿ?"

"ಆಕೀಗಿ ಜಾಸ್ತಿ ಆಗ್ಯಾದ. ಮುಂಜಾನಿ ಫೋನ್ ಮಾಡಿದ್ದೆ. ಊತ ಇಳದದಂತ."

ಶೌಕತ ಅಲಿ ಅನ್ನ ಕಲಸುತ್ತ ಹೇಳಿದ. "ಇಷ್ಟ್ ವರ್ಷ ನಾ ಮಂದೀಗಿ ಹೇಳಿದ್ದೆಲ್ಲ ಸುಳ್ಳಾತು."

"ಸುಳ್ಳಾಗಿಲ್ಲ ಅಬ್ಬಾ. ಆಗ ನೀವ್ ಹೇಳಿದ್ದು ಖರೇನೇ ಇತ್ತು. ಅದು ಆ ಆಟ, ಇದು ಈ ಆಟ. ನೀವ್ ಅವತ್ತು ನನ್ನ ಪರವಾಗಿ ಹೇಳದಿದ್ರ ನಾ ಗೋದಾಮಿನ ಬಾಗಿಲನೂ ದಾಟ್ತಿದ್ದಿಲ್ಲ. ಈ ಸಲ ಹೇಳ್ರಿ ಅಂತ ನಾ ಕೇಳಂಗಿಲ್ಲ. ಖಾಜಾಮಾಮು ಕೇಳಿದಾಗ ನೀವ್ ಸುಮ್ನ ಕುಂತದ್ದು ನನಗ ನೋವಾತು. ಆದ್ರ ಸುಳ್ಳು ಹೇಳಲಿಲ್ಲಲ್ಲ ನೀವು. ಗಾಡ್ಯಾಗ ಕುಂತು ಅದನ್ನೇ ವಿಚಾರ ಮಾಡ್ದೆ."

"ಹಂಗಾದ್ರ ಮಂದಿ ಕೇಳಿದ್ರ ಏನ್ ಹೇಳ್ಲಿ?"

"ಆಕಿನ್ನೇ ಹೋಗಿ ಕೇಳ್ರಿ ಅನ್ನು," ಎಂದಳು ಜೈತುನ್ಬೀ ಮಂಚದಿಂದ. "ಆ ಮುಷ್ಟಿ ನೋಡಿ ಯಾವನಿಗಿ ಧೈರ್ಯ ಅದ, ಕೇಳ್ಲಿ!"

ಮತೀನ ಮೊದಲು ನಕ್ಕ. ತುಟಿ ನೋಯುತ್ತದೆಂದು ಅಲ್ಮಾಸ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಶೌಕತ ಅಲಿ ನಗಲಿಲ್ಲ. ದಾಲ್ಚಾ ಸಾರಿನ ಬಟ್ಟಲನ್ನು ಮಗಳ ಕಡೆ ಸರಿಸಿದ. "ಉಣ್ಣು. ಈಗರ ತೂಕದ ಚಿಂತಿ ಇಲ್ಲಲ್ಲ," ಎಂದ.

ಕೆಲವು ವಾರ ಹಾಗೇ ಕಳೆದವು. ಊರು ಆಡಿಕೊಳ್ಳುವಷ್ಟು ಆಡಿಕೊಂಡು ಬೇರೆ ಸುದ್ದಿಗೆ ಹೋಯಿತು. ಖಾಜಾಮಿಯಾ ಮುನಿಸಿಕೊಂಡು ಬರುವುದನ್ನೇ ಬಿಟ್ಟಿದ್ದ. ಅದು ಖುರ್ಷಿದಬೇಗಮಳ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಜಯಮಾಲಾ ಆಗಾಗ ತಾಂಡೂರಿನಿಂದ ಬಂದು ಶೆಡ್ಡಿನ ಹಿಂದೆ ಅಲ್ಮಾಸಳ ಜೊತೆ ತಾಲೀಮು ಮಾಡಿ ಹೋಗುತ್ತಿದ್ದಳು. ಮತೀನನ ಸೊಂಟಕ್ಕೆ ಬಿಡುವು ಸಿಕ್ಕಿತು. ಬೇಸಿಗೆ ಕಾಲಿಟ್ಟಾಗ ಪುಣೆಯಿಂದ ಎರಡನೇ ಪಂದ್ಯದ ಕರೆ ಬಂತು.

ಅಂದು ಸಂಜೆ ಖುರ್ಷಿದಬೇಗಂ ಅಂಗಳದಲ್ಲಿ ಮೊರ ಹಿಡಿದು ಬೇಳೆ ಹಸನು ಮಾಡುತ್ತಿದ್ದಳು. ಶೌಕತ ಅಲಿ ಮೈಮೇಲಿನ ಕಲ್ಲುಪುಡಿ ತೊಳೆದುಕೊಂಡು ಬಂದು ಕಟ್ಟೆಯ ಮೇಲೆ ಕೂತ.

"ಪುಣೆಕ ನಾನೂ ಬರ್ತೀನಿ," ಎಂದ.

ಅವಳು ಮೊರದಿಂದ ಕಣ್ಣೆತ್ತಲಿಲ್ಲ. "ಬರ್ರಿ."

"ಒಳಗ ಬರಂಗಿಲ್ಲ. ನನ್ನ ಕೈಲೆ ನೋಡ್ಲಿಕ್ಕ ಆಗಂಗಿಲ್ಲ. ಹೊರಗ ಕುಂದರ್ತೀನಿ."

"ಹೊರಗ ಕುಂದ್ರಬ್ಯಾಡ್ರಿ. ನಾ ನಿಂತು ನೋಡೀನಿ. ಒಳಗಿನ ಕೂಗು ಕೇಳ್ತದ, ಯಾರಿಗಿ ಏನಾತು ತಿಳಿಯಂಗಿಲ್ಲ. ಜೀವ ಹೋದಂಗ ಆಗ್ತದ."

"ಮತ್ತ ಏನ್ ಮಾಡ್ಲಿ?"

"ಒಳಗ ಬಂದು ನನ್ನ ಮಗ್ಗುಲಾಗ ಕುಂದ್ರಿ. ಬೇಕಾದ್ರ ಕಣ್ಣು ಮುಚ್ಕೋರಿ. ಏನ್ ನಡೆದದ ಅಂತ ನಾ ಹೇಳ್ಕೋತ ಹೋಗ್ತೀನಿ."

ಶೆಡ್ಡಿನ ಹಿಂದಿನಿಂದ ಹುಡುಗಿಯರು ಗಾದಿಯ ಮೇಲೆ ಬೀಳುವ ಸದ್ದು, ನಗುವ ಸದ್ದು ಬರುತ್ತಿತ್ತು.

"ಆಕೀಗಿ ಏಟು ಬಿದ್ರೂ ಹೇಳ್ತಿ?"

"ಬಿದ್ರೂ ಹೇಳ್ತೀನಿ. ಹಾಕಿದ್ರೂ ಹೇಳ್ತೀನಿ."

"ಆತು," ಎಂದ ಶೌಕತ ಅಲಿ. ಅವಳ ಮೊರದ ಅಂಚಿಗೆ ಕೈ ಚಾಚಿ ತಾನೂ ಬೇಳೆಯಲ್ಲಿ ಕಲ್ಲು ಆರಿಸತೊಡಗಿದ.